ಡ್ರಮ್ಮಿನವನ ಕ್ಷಮಾವಳಿ

ಮೂರನೆಯ ಸಲವೂ ಆ ಇಂಗ್ಲೆಂಡಿನವನು ನಂಬರು ಒತ್ತಿ, ಅತ್ತ ಗಂಟೆ ಬಾರಿಸುವ ಮೊದಲೇ ಫೋನು ಕೆಳಗಿಟ್ಟು ಗಾಜಿನ ಗೂಡಿನಿಂದ ಹೊರಗೆ ಬಂದ. ಯಮಕನಮರಡಿಯ ಹೆದ್ದಾರಿ ಬದಿಯ ಆ ಎಸ್‌ಟಿಡಿ ಅಂಗಡಿಯ ಒಡತಿ ಜಿನ್ನವ್ವ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ನಲವತ್ತು ದಾಟಿದ ಗಂಡಸು. ಅರ್ಧ ನರೆತ ತಲೆಯ ನಡುವೆ ಒಂದು ಹಸಿರು ಜುಟ್ಟು. ಹೆಂಗಸರು ಬಳೆಗೆ ಸಿಕ್ಕಿಸಿಕೊಳ್ಳುವ ಪಿನ್ನು ಇವನ ಕಿವಿಯಲ್ಲಿತ್ತು. ಗೋಕಾಕ ಜಲಪಾತ ನೋಡಿ ಬಂದು ಬೆಳಗಾವಿ ಬಸ್ಸಿಗೆಂದು ನಿಂತವನು, ಎರಡು ಬಸ್ಸು ಹೋದರೂ ಹತ್ತಿರಲಿಲ್ಲ.

ಅಂದು ಕ್ಷಮಾವಳಿ. ಜೈನರು ಒಬ್ಬರಿಗೊಬ್ಬರು ಕೈಮುಗಿದು ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುವ ದಿನ. ದೂರದ ಊರಿನವರನ್ನು ಫೋನಿನಲ್ಲಿ ಕೇಳಬೇಕಲ್ಲ, ಅಂಗಡಿಯ ಮುಂದೆ ಸಾಲು ಬೆಳೆದಿತ್ತು. ಫೋನಾದರೇನು, ಕೈ ಮುಗಿಯದೆ ಕೇಳಿದರೆ ಅದು ಕ್ಷಮೆಯೇ? ಎಲ್ಲರೂ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಕತ್ತು ವಾಲಿಸಿಕೊಂಡು, ಎದುರಿನ ಗೋಡೆಗೆ ಕೈ ಮುಗಿಯುತ್ತಿದ್ದರು.

ಈಗ ಜಿನ್ನವ್ವನ ಮೈದುನ ಬಾಹುಬಲಿಯ ಸರದಿ. ಮೂಡಲಗಿಯ ಬೀಗರು ಸಿಕ್ಕರು. “ಬೀಗರ, ತಿಳದೋ ತಿಳೀದನೋ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ. ಉತ್ತಮ ಕ್ಷಮಾ... ಆದ್ರ ಆ ಎತ್ತಿನ ಮಾತ ಬ್ಯಾರೆ! ಕುಂಟ ಎತ್ತ ಕೊಟ್ಟಾವ್ರು ನೀವ!” ಮುಗಿದಿದ್ದ ಕೈ ಬಿಚ್ಚಿ ಮೇಲೆದ್ದಿತು, ರಿಸೀವರು ಕೆಳಗೆ ಬಿತ್ತು.

ಬಾಯಿ ತೆರೆದು ಇದನ್ನೆಲ್ಲ ನೋಡುತ್ತಿದ್ದ ಇಂಗ್ಲೆಂಡಿನವನು, ಜಿನ್ನವ್ವನ ಕಾಲೇಜು ಓದುವ ಮೊಮ್ಮಗಳು ಭಕ್ತಿಯ ಹತ್ತಿರ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದ. ಅವಳು ವಿವರಿಸಿದಳು. ಅವನು ಬೆಂಚಿನ ಮೇಲೆ ಕುಸಿದು ಕುಳಿತು ತನ್ನ ಕಥೆ ತೆಗೆದ. ಜಿನ್ನವ್ವ ಒಂದು ತಂಬಿಗೆ ನೀರು ತಂದು ಅವನ ಪಕ್ಕ ಇಟ್ಟಳು.

“ಇವ್ರ ಹೆಸರು ಡೆರೆಕ್ ಅಂತ, ಆಯಿ,” ಎಂದು ಭಕ್ತಿ ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. “ ಇವ್ರದೊಂದು ಬ್ಯಾಂಡ್ ಇತ್ತಂತ. ಪಂಕ್ ಅಂತಾರ ಅದಕ್ಕ. ಇವ್ರು ಡ್ರಮ್ಮು, ರಾಯ್ ಅನ್ನಾವ ಹಾಡಾವ. ಹರಕ ಅರಿವಿ ಹಾಕ್ಕೊಂಡು, ಸರ್ಕಾರಕ್ಕ ಬೈಕೋತ, ಕಿವಿ ಹರಿಯೋ ಹಂಗ ಬಾರಸೋದು.”

“ಅದನ್ನ ಕೇಳಾಕ ಜನಾ ಬರ್ತಿದ್ರೇನು?”

“ಸಾವಿರಗಟ್ಟಲೆ. ಭಾಳ ಮೆಚ್ಚಿಗಿ ಆದ್ರ ಇವ್ರ ಮೈಮ್ಯಾಲ ಉಗುಳ್ತಿದ್ರಂತ.”

“ಮೆಚ್ಚಿ ಉಗುಳ್ತಾರ?” ಜಿನ್ನವ್ವ ಹಣೆ ಮುಟ್ಟಿಕೊಂಡಳು. “ಮತ್ತ ಸಿಟ್ಟು ಬಂದ್ರ ಏನ್ ಮಾಡ್ತಾರವಾ?”

ಬಾರಿಸುವ ಹುರುಪಿನಲ್ಲಿ ವಾದ್ಯ ಒಡೆಯುವುದೂ ಅವರ ಪದ್ಧತಿಯೇ. ಆದರೆ ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ಡೆರೆಕ್ ಒಡೆದದ್ದು ರಾಯ್‌ನ ಗಿಟಾರನ್ನು. ಅದು ಅವನ ಸತ್ತ ತಂದೆ ಕೊಡಿಸಿದ್ದು. ಅವತ್ತೇ ಬ್ಯಾಂಡೂ ಒಡೆಯಿತು. ಈಗ ರಾಯ್ ಎಲ್ಲರನ್ನೂ ಮತ್ತೆ ಸೇರಿಸಿದ್ದಾನೆ. ‘ಬರುವುದಾದರೆ ಶುಕ್ರವಾರದೊಳಗೆ ಫೋನು ಮಾಡು, ಇಲ್ಲದಿದ್ದರೆ ಬೇರೆ ಡ್ರಮ್ಮಿನವನನ್ನು ಹುಡುಕುತ್ತೇವೆ’ ಎಂದು ಬರೆದ ಕಾಗದ ಡೆರೆಕ್‌ನ ಜೇಬಿನಲ್ಲಿ ಮಡಚಿ ಮಡಚಿ ಹರಿದಿತ್ತು. ಇಂದು ಶುಕ್ರವಾರ.

“ಮಾಡ್ಲಿ ಮತ್ತ!” ಎಂದಳು ಜಿನ್ನವ್ವ.

“ಮದ್ಲ ಏನು ಹೇಳ್ಬೇಕಂತ ತಿಳೀವಲ್ದಂತ.”

“ಕೈ ಮುಗದು ‘ತಪ್ಪಾತು’ ಅನ್ನಂತ ಹೇಳು. ಅಷ್ಟ ಸಾಕು. ‘ಆದ್ರ’ ಅಂತ ಬಾಯಿ ತಗದ್ರ ನಮ್ಮ ಬಾಹುಬಲಿ ಗತಿ ಆಕ್ಕೈತಿ.”

“ನನ್ನ ಯಾಕ ನಡುವ ಎಳೀತಿ, ವೈನಿ?” ಎಂದು ಬಾಹುಬಲಿ ಗುರುಗುಟ್ಟಿದ. ಆದರೆ ಸಾಲಿನ ಕಡೆ ತಿರುಗಿ ಅವನೇ ಹೇಳಿದ: “ನಾವು ಪ್ರತಿ ವರ್ಷಾ ಕೇಳಾವ್ರು. ಪಾಪ, ಅವಂದು ಮೊದಲನೇದು. ಮುಂದ ಬಿಡ್ರಿ.” ಸಾಲು ಸರಿದು ದಾರಿ ಬಿಟ್ಟಿತು.

ಡೆರೆಕ್ ಒಳಗೆ ಹೋಗಿ ನಂಬರು ಒತ್ತಿದ. ರಿಸೀವರನ್ನು ಕತ್ತಿನಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಕೈ ಮುಗಿದ. ಒಂದೇ ಮಾತು ಆಡಿದ. ಆಮೇಲೆ ಅತ್ತಲಿಂದ ಬಂದ ಮಾತಿಗೆ ಕಿವಿಗೊಟ್ಟ.

ಇದ್ದಕ್ಕಿದ್ದಂತೆ ಅವನ ಮುಖ ಕೆಂಪೇರಿತು. ಕೂಗತೊಡಗಿದ, ಗಾಜು ಅದುರುವಂತೆ ಫೋನಿಟ್ಟಿದ್ದ ಹಲಗೆ ಗುದ್ದಿದ.

“ಆಯಿ, ಜಗಳ ಹತ್ತಿತು! ಗಿಟಾರ್ ಮದ್ಲ ಸೀಳಿತ್ತು ಅಂತಾರ ಇವ್ರು. ತಾಳ ನೀ ತಪ್ಪಿಸಿ ಸಿಟ್ಟು ನನ್ನ ಗಿಟಾರ್ ಮ್ಯಾಲ ತೀರಿಸಿದಿ ಅಂತಾನಂತ ಅವ. ಕಟ್ ಮಾಡ್ಲಿ?”

“ಬ್ಯಾಡ.” ಜಿನ್ನವ್ವ ಮೊಮ್ಮಗಳ ಕೈ ಹಿಡಿದಳು. “ಮಾತು ಬಿಟ್ಟವ್ರಿಗೆ ಜಗಳಾಡಾಕ ಬರಾಂಗಿಲ್ಲವಾ. ಕೂಡ್ಯಾರ ಬಿಡು.”

ಬಾಹುಬಲಿ ಸದ್ದಿಲ್ಲದೆ ಹೋಗಿ ಸಾಲಿನ ತುದಿಯಲ್ಲಿ ಮತ್ತೆ ನಿಂತ.

ಗೂಡಿನಲ್ಲಿ ಈಗ ನಗು. ಡೆರೆಕ್ ಎರಡು ಪೆನ್ನು ಹಿಡಿದು ಹಲಗೆಯ ಮೇಲೆ ಬಾರಿಸಿ ಬಾರಿಸಿ ಅತ್ತಲಿನವನಿಗೆ ಕೇಳಿಸುತ್ತಿದ್ದ. ಅಷ್ಟರಲ್ಲಿ ಬೆಳಗಾವಿ ಬಸ್ಸು ಬಂತು. ಕಂಡಕ್ಟರನಿಗೆ ಜಿನ್ನವ್ವ ಒಂದು ನಿಮಿಷ ತಾಳು ಎಂದು ಕೈಯೆತ್ತಿದಳು.

ಬಾಗಿಲು ತಳ್ಳಿಕೊಂಡು ಬಂದವನು ನೇರ ಅವಳ ಮುಂದೆ ನಿಂತ. ಕಣ್ಣು ತುಂಬಿತ್ತು. ದೀರ್ಘವಾಗಿ ಉಸಿರೆಳೆದುಕೊಂಡು ಬಾಯಿ ತೆರೆದ. ಜಿನ್ನವ್ವ ಗಾಬರಿಯಾಗಿ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಳು.

“ಬ್ಯಾಡೋ ತಮ್ಮಾ, ನಿನ್ನ ಮೆಚ್ಚಿಗಿ ನನಗ ಮುಟ್ಟೇತಿ!”

ಏನೂ ಬಂದು ಬೀಳಲಿಲ್ಲ. ಸೆರಗು ಸರಿಸಿ ನೋಡಿದರೆ ಅವನು ಕೈ ಮುಗಿದು ನಿಂತಿದ್ದ. ಫೋನು ಒಳಗೇ ಉಳಿದಿದ್ದರೂ ಕತ್ತು ಮಾತ್ರ ಇನ್ನೂ ಒಂದು ಬದಿಗೆ ವಾಲಿತ್ತು.