ದೊಡ್ಡ ಡಿಸ್ಕ್, ಮಗಳ ಪಾಸ್‌ವರ್ಡ್

ಲಗ್ನದ ಸೀಸನ್ ಶುರುವಾಗಿದೆ... ನಿಮ್ಮ ಮನೆಗೂ ಕಾರ್ಡುಗಳು ಬರುತ್ತಿರಬೇಕು. ಅವನ್ನು ಟಿವಿ ಪಕ್ಕ ಇಟ್ಟು ಮರೆಯುವ ಮೊದಲು ಇದನ್ನೊಂದು ಸಲ ಓದಿಬಿಡಿ.

ಗದಗಿನಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಸ್ವಲ್ಪ ಆಚೆಗೆ ಶಾಂತವೀರಪ್ಪನವರ ಪ್ರೆಸ್.

ಲಗ್ನಪತ್ರಿಕೆ ಅಂದರೆ ಶಾಂತವೀರಪ್ಪ... ನಮ್ಮ ಕಡೆ ಅವರ ಕೈ ದಾಟದೆ ಮದುವೆಯಾದವರು ಕಡಿಮೆ. ನನ್ನ ಕಾರ್ಡೂ ಅವರೇ ಮಾಡಿದ್ದು.

ಮೊನ್ನೆ ಮಧ್ಯಾಹ್ನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದರು.

"ಏನೂ ಸೇವ್ ಆಗವಲ್ದಪಾ ರಫೀಕ. ಹೊಟ್ಟಿ ತುಂಬೈತಿ ಇದಕ್ಕ."

ತೆರೆದು ನೋಡಿದೆ. ಡಿಸ್ಕಿನಲ್ಲಿ ಸಾಸಿವೆಯಷ್ಟೂ ಜಾಗವಿರಲಿಲ್ಲ. ಈಗ ಮಕ್ಕಳನ್ನು ಶಾಲೆಗೆ ಬಿಡುತ್ತಿರುವ ದಂಪತಿಗಳ ಕಾರ್ಡೂ ಅದರಲ್ಲಿ ಹಾಗೇ ಕೂತಿತ್ತು.

"ಹಳೇವು ತೆಗದ ಹಾಕೂಣ್ರಿ ಕಾಕಾ."

"ಒಂದೂ ತೆಗಿಬ್ಯಾಡ."

ಹಾಗಾದರೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಬೇಕು ಎಂದೆ. ಸಾಫ್ಟ್‌ವೇರ್ ಎಲ್ಲ ಹೊಸದಾಗಿ ಹಾಕಿ, ಬರೀ ಫೈಲುಗಳನ್ನು ಕಾಪಿ ಮಾಡಿದರೆ ಮಷಿನ್ ಚೆನ್ನಾಗಿ ಓಡುತ್ತದೆ ಎಂದೂ ಹೇಳಿದೆ.

ಅವರು ಒಪ್ಪಲಿಲ್ಲ. "ಇದ್ದದ್ದ ಇದ್ದಂಗ ಬರಬೇಕು. ಒಂದ ಚುಕ್ಕಿ ಸುದ್ದಾ ಬಿಡಬಾರದು."

ವಯಸ್ಸಾದವರ ಹಟ ಅಂದುಕೊಂಡು ನಕ್ಕೆ...

ಅವರು ಕಾರ್ಡ್ ಮಾಡುವ ಸಾಫ್ಟ್‌ವೇರ್ ತೆರೆದು ಎರಡು ಅಕ್ಷರ ಒತ್ತಿದರು. ಪರದೆಯ ಮೇಲೆ ಪೂರ್ತಿ ಸಾಲು ತಾನಾಗೇ ಮೂಡಿತು... "ತಮ್ಮ ಸುಖಾಗಮನವನ್ನು ಬಯಸುವವರು."

"ನೀಲಾ ಮಾಡಿಟ್ಟದ್ದು," ಅಂದರು. "ನನ್ನ ಕೈ ನಿಧಾನ ಅಂತ ಎಲ್ಲಾ ಸಾಲಿಗೂ ಹಿಂಗ ಮಾಡ್ಯಾಳ. ಹೊಸದಾಗಿ ಹಾಕಿದ್ರ ಇವು ಹೋಗ್ತಾವಲ್ಲ?"

"ಹೋಗ್ತಾವ್ರಿ," ಅಂದೆ. ನಗು ನಿಂತಿತ್ತು.

ನೀಲಗಂಗಾ ಅವರ ಒಬ್ಬಳೇ ಮಗಳು. ಕಾಲೇಜು ಮುಗಿಸಿ ಅಪ್ಪನ ಜೊತೆ ಪ್ರೆಸ್ಸಿನಲ್ಲೇ ಕೆಲಸಕ್ಕೆ ಕೂತವಳು.

ತಾನು ಮೆಚ್ಚಿದ ಹುಡುಗನನ್ನೇ ಮದುವೆಯಾಗುತ್ತೇನೆ ಎಂದಳು. ಬೇರೆ ಜಾತಿ... ಇದೇ ಲ್ಯಾಪ್‌ಟಾಪಿನಲ್ಲಿ ತನ್ನ ಕಾರ್ಡನ್ನು ತಾನೇ ಮಾಡಿ, ಸುಖಾಗಮನ ಬಯಸುವವರ ಜಾಗದಲ್ಲಿ ಅಪ್ಪನ ಹೆಸರು ಹಾಕಿ, ಅವರ ಮುಂದಿಟ್ಟಳು.

ಊರ ಮಂದಿಯ ಕಾರ್ಡನ್ನೆಲ್ಲ ಅಚ್ಚು ಹಾಕಿದ ಮನುಷ್ಯ, "ಇದು ನನ್ನ ಪ್ರೆಸ್ಸಿನ್ಯಾಗ ಅಚ್ಚಾಗೂದಿಲ್ಲ" ಅಂದುಬಿಟ್ಟರು.

ಅವಳು ಕೊಪ್ಪಳಕ್ಕೆ ಹೋದಳು. ಮದುವೆ ಆಯಿತು, ಇವರು ಹೋಗಲಿಲ್ಲ. ಆಮೇಲೆ ಅಪ್ಪ ಮಗಳ ನಡುವೆ ಮಾತೇ ಇಲ್ಲ.

ಮಾತಿಲ್ಲ ನಿಜ... ಆದರೆ ದಿನಾ ಎರಡಕ್ಷರ ಒತ್ತಿ, ಮಗಳು ಟೈಪ್ ಮಾಡಿಟ್ಟ ಸಾಲು ಬರುವುದನ್ನು ನೋಡುತ್ತ ಕೂತಿರುತ್ತಿದ್ದರಲ್ಲ...

ಇಡೀ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ಕಾಪಿ ಮಾಡಲು ಹಚ್ಚಿದೆ. ಅವರು ಚಹಾಕ್ಕೂ ಏಳಲಿಲ್ಲ. ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಕೂತಿದ್ದರು.

ಸಂಜೆ ಹೊಸ ಡಿಸ್ಕಿನಿಂದ ಲ್ಯಾಪ್‌ಟಾಪ್ ಆನ್ ಆಯಿತು. ಅದೇ ವಾಲ್‌ಪೇಪರ್, ಅದೇ ಫೋಲ್ಡರುಗಳು... ಅವರ ಮುಖ ಅರಳಿತು.

ಕಾರ್ಡ್ ಸಾಫ್ಟ್‌ವೇರ್ ಮೇಲೆ ಕ್ಲಿಕ್ ಮಾಡಿದರು. ಅದು ತೆರೆಯಲಿಲ್ಲ. ರಿಜಿಸ್ಟ್ರೇಷನ್ ಪಾಸ್‌ವರ್ಡ್ ಕೇಳಿತು.

"ಡಿಸ್ಕ್ ಬದಲಾಗಿದ್ದು ಅದಕ್ಕ ಗೊತ್ತಾಗೈತ್ರಿ ಕಾಕಾ. ಮೊದಲ ಇದನ್ನ ಹಾಕಿದವರ ಪಾಸ್‌ವರ್ಡ್ ಬೇಕು. ಯಾರ ಹಾಕಿದ್ರು?"

ಅವರು ಮುಖ ಆಚೆ ತಿರುಗಿಸಿದರು. ಹಾಕಿದವಳು ನೀಲಾ ಎಂದು ನನಗೂ ಗೊತ್ತಾಯಿತು.

"ಹಳೇ ಡಿಸ್ಕ್ ವಾಪಸ್ ಹಾಕು," ಅಂದರು.

"ಹಾಕ್ತೀನ್ರಿ. ನಾಳಿಂದ ಕಾರ್ಡ್ ಎಲ್ಲಿ ಸೇವ್ ಮಾಡ್ತೀರಿ? ಗ್ವಾಡಿ ಮ್ಯಾಲೆ?"

ಹಳೇ ಡಿಸ್ಕನ್ನು ಕೈಯಲ್ಲಿ ಹಿಡಿದು ಕೂತರು. ನನಗೆ ಸಿಟ್ಟೂ ಬಂತು, ಪಾಪವೂ ಅನಿಸಿತು.

"ಫೋನ್ ಮಾಡ್ರಿ ಕಾಕಾ. ಪಾಸ್‌ವರ್ಡ್ ಅಷ್ಟ ಕೇಳ್ರಿ... ಕ್ಷಮಾ ಏನ್ ಕೇಳಬ್ಯಾಡ್ರಿ."

ಫೋನ್ ತೆಗೆದರು. ಸಿಟ್ಟಿನಲ್ಲಿ ಮಗಳ ನಂಬರನ್ನು ಡಿಲೀಟ್ ಮಾಡಿದ್ದರಂತೆ. ಆದರೂ ಎಲ್ಲಿಯೂ ತಡವರಿಸದೆ ಒಂದೊಂದೇ ಅಂಕಿ ಒತ್ತಿದರು.

ಒಂದೇ ರಿಂಗಿಗೆ ಎತ್ತಿದಳು. ಅವಳ ದನಿ ನನಗೂ ಕೇಳುತ್ತಿತ್ತು.

"ಯಪ್ಪಾ...? ಆರಾಮ ಅದೀಯಿಲ್ಲೋ?"

"ನಂದೇನೂ ಇಲ್ಲ. ಕಂಪ್ಯೂಟರ್... ಪಾಸ್‌ವರ್ಡ್ ಕೇಳಾಕತ್ತೈತಿ."

ಅವಳ ದನಿ ಸಣ್ಣದಾಯಿತು... "ಅಷ್ಟಕ್ಕನ ಫೋನ್ ಮಾಡಿದೇನು? ಇರ್ಲಿ, ಬರ್ಕೋ. ಹೇಳ್ತೀನಿ."

ನಾನು ಪೆನ್ನು ತೆಗೆದೆ. ಶಾಂತವೀರಪ್ಪ ನನ್ನ ಕೈ ಹಿಡಿದುಕೊಂಡರು.

"ಬ್ಯಾಡವ್ವಾ... ಫೋನಿನ್ಯಾಗ ಹೇಳಬ್ಯಾಡ."

"ಯಾಕಪ್ಪಾ?"

"ನಾ ತಪ್ಪು ಹೊಡಿತೀನಿ. ನೀನ ಬಂದು ಹಾಕು... ಅಳಿಯಂದಿರ್ನೂ ಕರಕೊಂಡು ಬಾ."

ಫೋನಿನಲ್ಲಿ ಅವಳು ಅಳುವುದು ಕೇಳಿಸಿತು. ಅಳುತ್ತಲೇ "ನಾಳೆ ಬರ್ತೀವಿ" ಅಂದಳು. ಇವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಸುಮ್ಮನೆ ಹೊರಗೆ ಹೋಗಿ ನಿಂತೆ.

ಮರುದಿನ ಬೆಳಿಗ್ಗೆ ಪ್ರೆಸ್ಸಿನ ಮುಂದೆ ಹಾದು ಹೋದೆ. ಕಾರ್ಡಿಗೆ ಬಂದ ಗಿರಾಕಿಯೊಬ್ಬ ತಡವಾಯಿತು ಎಂದು ಗೊಣಗುತ್ತಿದ್ದ.

"ಸ್ವಲ್ಪ ತಡೀರಿ, ನನ್ನ ಮಗಳು ಬರಾಕತ್ತಾಳ," ಅಂದರು ಶಾಂತವೀರಪ್ಪ.

ಅವನು ಹೋದ ಮೇಲೆ ಪಕ್ಕದ ಹೂವಿನಂಗಡಿಯವನಿಗೂ ಹೇಳಿದರು... "ನನ್ನ ಮಗಳು ಬರಾಕತ್ತಾಳ." ಅವನು ಏನೂ ಕೇಳಿರಲಿಲ್ಲ.

ಕೊಪ್ಪಳದ ಬಸ್ಸು ಇನ್ನೂ ಬಂದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರು ರಸ್ತೆಯನ್ನೇ ನೋಡುತ್ತ ನಿಂತಿದ್ದರು...

ಮುರಿದ ಮಾತನ್ನು ಜೋಡಿಸಲು ಒಂದು ಸಣ್ಣ ನೆಪ ಸಾಕು... ಆದರೆ ಅದನ್ನು ಯಾರಾದರೊಬ್ಬರು ಮೊದಲು ಹುಡುಕಬೇಕು.

ನೀವು ಯಾರ ಫೋನಿಗಾಗಿ ಕಾಯುತ್ತಿದ್ದೀರೋ, ಅವರೂ ನಿಮ್ಮ ಫೋನಿಗೇ ಕಾಯುತ್ತಿರಬಹುದಲ್ಲವೇ?