ಘಾಟು

'ಕಥೆಯ ಕೊನೆಗೆ ಮದುಮಗಳ ಕಣ್ಣಲ್ಲಿ ನೀರು ಬಂತು, ಆದ್ದರಿಂದ ಆಕೆಗೆ ಈ ಮದುವೆ ಬೇಡವಾಗಿತ್ತು.' ಅಂಜಲಿಯ ಪ್ರಬಂಧದ ಈ ಸಾಲು ಓದಿದ್ದೇ ತಡ, ಶಿಲ್ಪಾಳ ಪಿತ್ತ ನೆತ್ತಿಗೇರಿತು. ಒಬ್ಬರ ಪ್ರಬಂಧ ಇನ್ನೊಬ್ಬರು ತಿದ್ದಿ, ಪ್ರತಿ ಮಾತಿಗೂ ಸಾಕ್ಷಿ ಕೇಳಿ ಎಂದು ಕನ್ನಡದ ಸರ್ ಹೇಳಿದ್ದರು. ಅಂಚಿನಲ್ಲಿ ಕೆಂಪು ಪೆನ್ನಿನಿಂದ ಮತ್ತೊಮ್ಮೆ 'ಸಾಕ್ಷಿ?' ಎಂದು ಗೀಚಿದಳು.

"ಬ್ಯಾಡಗಿಯಾಗ ಹುಟ್ಟಿ ಕಣ್ಣೀರನ್ನ ಸಾಕ್ಷಿ ಅಂತೀಯಲ್ಲ, ತಲಿ ಐತೇನು ನಿನಗ? ಮೆಣಸಿನಕಾಯಿ ಸುಗ್ಗಿಯಾಗ ಬಸ್ ಕಂಡಕ್ಟರನ ಕಣ್ಣಾಗೂ ನೀರು ಬರ್ತಾವ. ಅವಂಗೂ ಮದುವಿ ಬ್ಯಾಡಾಗಿತ್ತೇನು? ಎಷ್ಟ ಸಲ ಹೇಳ್ಬೇಕು! ಆಕಿ ಬಾಯಿಬಿಟ್ಟು ಎಲ್ಲಿ ಹೇಳ್ಯಾಳ, ತೋರ್ಸು."

ಅಂಜಲಿ ಪುಸ್ತಕ ತೆರೆಯಲಿಲ್ಲ. "ಹೋದ ವಾರ ಮೋಟೆಬೆನ್ನೂರಿನವರು ನಿನ್ನ ನೋಡಾಕ ಬಂದಾಗ ನಿನ್ನ ಕಣ್ಣಾಗೂ ನೀರು ಬಂದಿದ್ವು."

"ಮೆಣಸಿನಕಾಯಿ ಘಾಟು ಅಂತ ಅವತ್ತ ಹೇಳೇನಲ್ಲ!" ಶಿಲ್ಪಾ ಸಿಡುಕಿದಳು. ಆ ಮಾತನ್ನು ಮನೆಯವರೆಲ್ಲ ನಂಬಿದ್ದರು. ಅಪ್ಪ ಅಂದೇ ಸಂಜೆ ಎಸ್.ಟಿ.ಡಿ. ಬೂತಿಗೆ ಹೋಗಿ, ಗಂಡಿನ ಕಡೆಯವರಿಗೆ ಒಪ್ಪಿಗೆ ತಿಳಿಸಿ ಬಂದಿದ್ದ.

"ಅವತ್ತು ಮೆಣಸಿನಕಾಯಿ ಮಾರ್ಕೆಟ್ ಸೂಟಿ ಇತ್ತಲ್ಲ ಶಿಲ್ಪಾ," ಅಂಜಲಿ ಮೆಲ್ಲಗೆ ಹೇಳಿದಳು. "ಹಮಾಲಿಗೆ ಹೋಗೋ ನಮ್ಮಪ್ಪ ಇಡೀ ದಿನ ಮನಿಯಾಗ ಮಲಗಿದ್ದ. ಘಾಟು ಎಲ್ಲಿಂದ ಬರಬೇಕು?"

ಶಿಲ್ಪಾ ಪೆನ್ನೆತ್ತಿ, ಆ ಸಾಲಿನ ಪಕ್ಕದ 'ಸಾಕ್ಷಿ?'ಯ ಮೇಲೆ ಗೆರೆ ಎಳೆದಳು. ಅದರ ಮೇಲೆ ಇನ್ನೊಂದು ಎಳೆದಳು. ಹಾಳೆ ಹರಿಯುವವರೆಗೂ ಎಳೆಯುತ್ತಲೇ ಇದ್ದಳು.