ಬಂದರದ ಓಟು

ಓಟಿನ ದಿನವೇ ಭಟ್ಕಳ ಬಂದರಕ್ಕೆ ಬಂಗಡೆ ಬಂತು. ಅರವತ್ತೆರಡನೇ ಇಸವಿ. ಆ ವರ್ಷ ಅಲ್ಲಿಯವರೆಗೆ ಮೀನೇ ಇರಲಿಲ್ಲ. ದಡದ ಹತ್ತಿರ ಮೀನಿನ ಹಿಂಡಿನಿಂದ ನೀರು ಕಪ್ಪಾದದ್ದನ್ನು ಕಂಡ ತಂಡೇಲ ಜಟ್ಟ, ಕೇರಿಯ ಮೀನುಗಾರರ ಮುಂದಾಳು, ರಂಪಣಿ ಬಲೆಯನ್ನು ನೀರಿಗೆ ಬಿಡಿಸಿದ. ಗಂಡಸರು ಹೆಂಗಸರು ಎನ್ನದೆ ಇಡೀ ಕೇರಿ ಬಲೆಯ ಹಗ್ಗಕ್ಕೆ ಕೈ ಹಾಕಿತು. ರಂಪಣಿ ಎಂದರೆ ಹಾಗೆ. ಕೈ ಕಡಿಮೆಯಾದರೆ ಬಲೆ ಸಡಿಲ, ಬಲೆ ಸಡಿಲವಾದರೆ ಮೀನು ಮತ್ತೆ ಸಮುದ್ರಕ್ಕೆ.

ಜನರನ್ನು ಓಟಿಗೆ ಕರೆದೊಯ್ಯಲು ತೋಟದ ಅನಂತಮೂರ್ತಿ ಭಟ್ಟರು ಗಾಡಿ ಕಟ್ಟಿಸಿಕೊಂಡು ಬಂದರು. ಅವರ ಹಿಂದೆಯೇ ಎದುರು ಪಕ್ಷದ ಮೀರಾನ್ ಸಾಹೇಬರು, ಪೇಟೆಯ ಬಟ್ಟೆ ಅಂಗಡಿಯವರು. ಪೇಟೆಯಲ್ಲಿ ಓಟು ಕೇಳುವುದೆಂದರೆ ಒಂದು ಬೀದಿಯಲ್ಲಿ ಕೊಂಕಣಿ, ಮುಂದಿನ ಬೀದಿಯಲ್ಲಿ ಮುಸಲ್ಮಾನರ ನವಾಯತಿ ಮಾತು. ಬಂದರದ ಓಟು ಮಾತ್ರ ಒಂದೇ ಗಂಟು, ತಂಡೇಲ ಹೇಳಿದ ಕಡೆ ಬೀಳುತ್ತದೆ ಎಂದು ಇಬ್ಬರೂ ನಂಬಿದ್ದರು.

"ಜಟ್ಟ, ಐದು ಗಂಟೆಗೆ ಓಟಿನ ಶಾಲೆ ಬಾಗ್ಲು ಹಾಕ್ತಾರೆ. ಜನ ಕಳ್ಸು ಮಾರಾಯ," ಎಂದರು ಭಟ್ಟರು.

"ಬಲೆ ನೀರಲ್ಲಿ ಅದೆ, ಭಟ್ರೆ."

"ಒಂದು ದಿನದ ಮೀನಿಗೆ ಐದು ವರ್ಷದ ಓಟು ಬಿಡ್ತ್ಯಾ?" ಸಾಹೇಬರು ಕೆಣಕಿದರು.

"ಎರಡೂ ಬಿಡುದಿಲ್ಲ. ನೀವಿಬ್ರು ಹಗ್ಗ ಹಿಡೀರಿ. ಎಷ್ಟು ಕೈ ಬಂತೋ ಅಷ್ಟು ಕೈ ಓಟಿಗೆ ಹೋಗಿ ಬತ್ತದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದರು. ಕೇರಿಯ ಇಬ್ಬರು ಹಗ್ಗ ಬಿಟ್ಟು ಶಾಲೆಯ ಕಡೆ ಓಡಿದರು. ಅವರು ಬಂದ ಮೇಲೆ ಮತ್ತಿಬ್ಬರು.

"ಎಂತ ಹೇಳಿ ಕಳ್ಸ್ದೆ ಅವ್ರಿಗೆ?" ಭಟ್ಟರು ಮೆಲ್ಲಗೆ ಕೇಳಿದರು.

"ಬೇಗ ಬನ್ನಿ ಅಂದೆ," ಎಂದ ಜಟ್ಟ.

ಹಿಂದಿನಿಂದ ಜಟ್ಟನ ಹೆಂಡತಿ ಹೊನ್ನಿ ಕೂಗಿದಳು: "ಭಟ್ರೆ, ಹಗ್ಗ ಹಿಡ್ದವ್ರಿಗೆಲ್ಲ ಮೀನಿನ ಪಾಲು ಅದೆ. ಮನೆಗೆ ಹ್ಯಾಂಗೆ ತಕಂಡ್ ಹೋಗ್ತ್ರಿ?"

"ನನ್ನ ಪಾಲು ಸಾಯ್ಬ್ರಿಗೆ ಕೊಡು."

"ಮೀನು ಕೊಡ್ತಾರೆ, ಓಟು ಕೊಡುದಿಲ್ಲ," ಎಂದರು ಸಾಹೇಬರು. ನಗು ಹಗ್ಗದ ಉದ್ದಕ್ಕೂ ಹೋಯಿತು.

ಹೊತ್ತು ಇಳಿಯಿತು. ಎಲ್ಲರ ಓಟೂ ಆಗಿತ್ತು, ಉಳಿದವನು ಜಟ್ಟ ಒಬ್ಬ. ಬಲೆ ಇನ್ನೂ ನೀರಿನಲ್ಲಿತ್ತು. ಎಳೆಯಲು ಕೂಗು ಹಾಕುವವನೇ ಅವನು. ಬಲೆ ದಡಕ್ಕೆ ಬರುವ ಮೊದಲು ತಂಡೇಲ ಹಗ್ಗ ಬಿಟ್ಟು ಹೋದದ್ದನ್ನು ಆ ಕೇರಿ ಕಂಡಿರಲಿಲ್ಲ.

"ಎಲ್ರನ್ನೂ ಕಳ್ಸ್ದೆ. ನಿನ್ನ ಓಟು ಸಮುದ್ರಕ್ಕಾ?" ಎಂದಳು ಹೊನ್ನಿ.

"ಹೋಗು, ತಂಡೇಲ. ನಾವು ಹಿಡ್ಕಂಡಿರ್ತೇವೆ," ಎಂದರು ಭಟ್ಟರು.

ಜಟ್ಟ ಸಮುದ್ರ ನೋಡಿದ. "ಎಳೀಬೇಡಿ. ಸಡ್ಲ ಬಿಡಬೇಡಿ. ಹಾಂಗೇ ಹಿಡ್ಕಂಡಿರಿ."

ಯಾರಿಗೆ ಹಾಕಬೇಕೆಂದು ಹೇಳಲು ಭಟ್ಟರೂ ಸಾಹೇಬರೂ ಒಟ್ಟಿಗೇ ಬಾಯಿ ತೆರೆದರು. ಹಗ್ಗ ಜಗ್ಗಿತು. ಇಬ್ಬರೂ ಬಾಯಿ ಮುಚ್ಚಿ ಕಾಲು ಊರಿದರು.

ಜಟ್ಟ ಹೋದ. ಒಬ್ಬನ ಓಟಿಗಾಗಿ ಇಡೀ ಬಂದರ ಅಲುಗಾಡದೆ ನಿಂತಿತು. ಅಲೆ ಬಂದು ಸೊಂಟಕ್ಕೆ ಹೊಡೆದರೂ ಯಾರೂ ಕೈ ಬದಲಿಸಲಿಲ್ಲ.

ಅವನು ಓಡುತ್ತಾ ಬಂದು ಭಟ್ಟರ ಮತ್ತು ಸಾಹೇಬರ ನಡುವೆ ಹಗ್ಗ ಹಿಡಿದು ಕೂಗು ಹಾಕಿದ. ಭಟ್ಟರು ಅವನ ಬೆರಳು ನೋಡಿದರು, ಆಮೇಲೆ ಹಗ್ಗದ ಉದ್ದಕ್ಕೂ ನೋಡಿದರು. ಎಲ್ಲ ಬೆರಳಲ್ಲೂ ಅದೇ ಕಪ್ಪು ಶಾಯಿ. ಯಾವ ಬೆರಳು ಯಾರ ಕಡೆಯದೆಂದು ಗೊತ್ತಾಗುವಂತಿರಲಿಲ್ಲ.